ಹಳೇ ಮಸ್ಟಾಂಗ್‌ಗೆ ಪವರ್ ಟಾಪ್: ಒಂದು ಕಡೆ ಹಿಂದೆ ಉಳಿಯುತ್ತಿದೆ, ಸಹಾಯ ಬೇಕು

ನಮಸ್ಕಾರ ರೀ. ನಾನು ಬೆಳಗಾವಿಯವನು. ನಮ್ಮ ಮನೆಯಲ್ಲಿ 1966ರ ಫೋರ್ಡ್ ಮಸ್ಟಾಂಗ್ ಕನ್ವರ್ಟಿಬಲ್ ಇದೆ, ಅದರ ಟಾಪ್ (ಮಡಚುವ ಮೇಲ್ಛಾವಣಿ) ಕೈಯಿಂದಲೇ ಎತ್ತುವಂಥದ್ದು. ಅಪ್ಪಾಜಿಗೆ ಈಗ ಭುಜದ ನೋವು, ಎತ್ತೋಕೆ ಆಗಲ್ಲ. ಆದರೆ ಸಂಜೆ ಟಾಪ್ ಇಳಿಸಿ ಕ್ಯಾಂಪ್ ಕಡೆ ಒಂದು ಸುತ್ತು ಹೋಗೋದು ಅವರಿಗೆ ತುಂಬಾ ಇಷ್ಟ. ಅದಕ್ಕೇ ಪವರ್ ಟಾಪ್, ಅಂದರೆ ಸ್ವಿಚ್ ಒತ್ತಿದರೆ ಮೋಟರ್‌ನಿಂದ ಏಳುವ ಟಾಪ್, ಮಾಡಿಸೋಕೆ ಹೊರಟೆ.

ಹಿಂದಿನ ಸೀಟಿನ ಹಿಂದೆ 12 ವೋಲ್ಟ್ ಮೋಟರ್, ಪಂಪು ಕೂರಿಸಿದೆ. ಎಣ್ಣೆಯ ಒತ್ತಡದಿಂದ ಟಾಪ್ ಎತ್ತುವ ಎರಡೂ ಬದಿಯ ಹೈಡ್ರಾಲಿಕ್ ಸಿಲಿಂಡರ್ ನಮ್ಮೂರ ಕೈಗಾರಿಕಾ ಪ್ರದೇಶ ಉದ್ಯಮಬಾಗದಲ್ಲಿ ಮಾಡಿಸಿದೆ. ಬ್ಯಾಟರಿಯಿಂದ ದಪ್ಪ ವೈರು, ನಡುವೆ ಸರ್ಕ್ಯೂಟ್ ಬ್ರೇಕರ್ ಹಾಕಿದೆ.

ಸಿಕ್ಕಿಕೊಂಡಿದ್ದು ಇಲ್ಲಿ. ಟಾಪ್ ಅರ್ಧ ಎದ್ದಾಗ ಬಲಗಡೆ ಮುಂದೆ ಹೋಗುತ್ತೆ, ಎಡಗಡೆ ಎರಡು ಬೆರಳಿನಷ್ಟು ಹಿಂದೆ ಉಳಿಯುತ್ತೆ. ಫ್ರೇಮ್ ಕಿರ್ರ್ ಅಂತ ತಿರುಚುತ್ತೆ. ಗಾಬರಿಯಾಗಿ ಸ್ವಿಚ್ ಬಿಟ್ಟುಬಿಟ್ಟೆ.

ಎಣ್ಣೆಯೊಳಗಿನ ಗಾಳಿ ಹೋಗಲಿ ಅಂತ ಏಳೆಂಟು ಸಲ ಮೇಲೆ ಕೆಳಗೆ ಮಾಡಿ ಎಣ್ಣೆ ತುಂಬಿಸಿದೆ. ಕೀಲುಗಳಿಗೆಲ್ಲ ಗ್ರೀಸ್ ಹಚ್ಚಿದೆ. ಎರಡೂ ಸಿಲಿಂಡರ್ ಉದ್ದ ಅಳೆದೆ, ಒಂದೇ ಇದೆ. ಸಿಲಿಂಡರ್ ಬಿಚ್ಚಿ ಕೈಯಿಂದ ಎತ್ತಿದರೆ ಸಮನಾಗೇ ಏಳುತ್ತೆ! ಅಂದರೆ ಫ್ರೇಮ್ ಸೊಟ್ಟ ಆಗಿಲ್ಲ, ಅಲ್ವಾ? ಕೈಯಿಂದ ಎತ್ತುವಾಗ ನೆರವಾಗಲಿ ಅಂತ ಇದ್ದ ಮೊದಲಿನ ಸ್ಪ್ರಿಂಗ್ ಮಾತ್ರ ಹಾಗೇ ಬಿಟ್ಟಿದ್ದೇನೆ.

ಈ ಕೆಲಸ ಮಾಡಿದವರು ದಯವಿಟ್ಟು ಹೇಳಿ: ಸಿಲಿಂಡರ್ ಹಾಕಿದ ಮೇಲೆ ಆ ಸ್ಪ್ರಿಂಗ್ ತೆಗೆಯಬೇಕಾ, ಇಲ್ಲಾ ಎಡಗಡೆ ಸಿಲಿಂಡರ್ ಕೂರಿಸಿದ ಬ್ರಾಕೆಟ್ ಜಾಗ ಬದಲಿಸಬೇಕಾ?