ಖಾಲಿ ಗುಂಪಿನ ಎದುರು 17 ಎಲ್ಲಿಂದ ಬಂತು? (ದತ್ತಾಂಶ ವಿಶ್ಲೇಷಣೆಯ ಸಾಫ್ಟ್‌ವೇರ್ ಆದ ಸ್ಯಾಸ್‌ನ ಮ್ಯಾಕ್ರೊ)

ಪ್ರಶ್ನೆ: ಸರ್, ಐದು ವಯೋಗುಂಪುಗಳ ಮೇಲೆ ಲೂಪ್ ಓಡಿಸುವ ಮ್ಯಾಕ್ರೊ ಬರೆದಿದ್ದೇನೆ. ಪ್ರತಿ ಸುತ್ತಿನಲ್ಲೂ ಆ ಗುಂಪಿನ ಸಾಲುಗಳನ್ನು ಬೇರೆ ಡೇಟಾಸೆಟ್‌ಗೆ ಹಾಕಿ, ಎಣಿಸಿ, ಪ್ರೊಕ್ ರಿಪೋರ್ಟ್‌ನಿಂದ ವರದಿಯ ಪುಟ ಮಾಡುತ್ತೇನೆ. ನಾಲ್ಕನೇ ಗುಂಪಿನಲ್ಲಿ ಯಾರೂ ಇಲ್ಲ. ಅದರ ಪುಟವೇ ಬರಲಿಲ್ಲ, ಸಾರಾಂಶದಲ್ಲಿ ಮಾತ್ರ ಅದರ ಎದುರು 17 ಎಂದಿದೆ. ಲಾಗ್‌ನಲ್ಲಿ ಒಂದೂ ಎರರ್ ಇಲ್ಲ. ಎಣಿಸುವುದು ಹೀಗೆ: ಡೇಟಾಸೆಟ್ ಓದುವ ಸೆಟ್ ಸಾಲಿನಲ್ಲಿ ಎಂಡ್= (ಕೊನೆಯ ದಾಖಲೆ ಬಂತೆಂದು ತಿಳಿಸುವ ಗುರುತು) ಕೊಟ್ಟು, ಕೊನೆಯ ದಾಖಲೆಗೆ ಬಂದಾಗ ಕಾಲ್ ಸಿಮ್‌ಪುಟ್‌ಎಕ್ಸ್‌ನಿಂದ ಎಣಿಕೆಯನ್ನು ಮ್ಯಾಕ್ರೊ ವೇರಿಯಬಲ್‌ಗೆ ಹಾಕುತ್ತೇನೆ.

ಉತ್ತರ: ಮೇಡಂ, ಮೂರನೇ ಗುಂಪಿನಲ್ಲಿ 17 ಜನ ಇದ್ದಾರೆಯೇ ನೋಡಿ. ಇದ್ದೇ ಇರುತ್ತಾರೆ.

ಡೇಟಾಸೆಟ್ ಖಾಲಿ ಇದ್ದರೆ ಡೇಟಾ ಸ್ಟೆಪ್ ಸೆಟ್ ಸಾಲಿನಲ್ಲೇ ನಿಂತುಬಿಡುತ್ತದೆ. ಓದಲು ಏನೂ ಇಲ್ಲದ ಮೇಲೆ ಅದರ ಕೆಳಗಿನ ಸಿಮ್‌ಪುಟ್‌ಎಕ್ಸ್‌ವರೆಗೆ ಅದು ಬರುವುದೇ ಇಲ್ಲ. ಹಾಗಾಗಿ ಮ್ಯಾಕ್ರೊ ವೇರಿಯಬಲ್‌ನಲ್ಲಿ ಹಿಂದಿನ ಸುತ್ತಿನ ಬೆಲೆ ಹಾಗೇ ಕೂತಿರುತ್ತದೆ. ಸ್ಯಾಸ್ ಲೆಕ್ಕದಲ್ಲಿ ಇದು ತಪ್ಪೇ ಅಲ್ಲ, ಎರರ್ ಯಾಕೆ ಕೊಡುತ್ತದೆ? ಮೊದಲ ಗುಂಪೇ ಖಾಲಿ ಇದ್ದಿದ್ದರೆ ವೇರಿಯಬಲ್ ಸಿಗಲಿಲ್ಲ ಎಂಬ ಎಚ್ಚರಿಕೆಯಾದರೂ ಬರುತ್ತಿತ್ತು. ನಿಮಗೆ ಆ ಅದೃಷ್ಟವೂ ಇಲ್ಲ.

ಪ್ರೊಕ್ ಎಸ್‌ಕ್ಯೂಎಲ್‌ನಲ್ಲಿ ಕೌಂಟ್(*) ಬಳಸಿ, ಇನ್‌ಟು ಮೂಲಕ ಎಣಿಕೆಯನ್ನು ಮ್ಯಾಕ್ರೊ ವೇರಿಯಬಲ್‌ಗೆ ಹಾಕಿ. ಖಾಲಿ ಟೇಬಲ್‌ಗೂ ಅದು ಒಂದು ಸಾಲು ಕೊಡುತ್ತದೆ, ಅದರಲ್ಲಿ 0 ಇರುತ್ತದೆ. ಜೊತೆಗೆ ಟ್ರಿಮ್ಡ್ ಸೇರಿಸಿ, ಇಲ್ಲದಿದ್ದರೆ ಸಂಖ್ಯೆಯ ಎಡಬದಿಯಲ್ಲಿ ಖಾಲಿ ಜಾಗ ಉಳಿಯುತ್ತದೆ.

ಪುಟದ ವಿಷಯ: ಸಾಲುಗಳಿಲ್ಲದಿದ್ದರೆ ಪ್ರೊಕ್ ರಿಪೋರ್ಟ್ ಲಾಗ್‌ನಲ್ಲಿ ಒಂದು ನೋಟ್ ಬರೆದು ಸುಮ್ಮನಾಗುತ್ತದೆ. ಎಣಿಕೆ 0 ಆದರೆ %ಇಫ್‌ನಿಂದ ಕವಲೊಡೆದು, ಸೆಟ್ ಇಲ್ಲದ ಡೇಟಾ ಸ್ಟೆಪ್‌ನಲ್ಲಿ ‘ಈ ಗುಂಪಿನಲ್ಲಿ ದಾಖಲೆಗಳಿಲ್ಲ’ ಎಂಬ ಒಂದೇ ಸಾಲು ಮಾಡಿ ಅದನ್ನೇ ಮುದ್ರಿಸಿ. ಪುಟ ಹಾರಿಸುವುದು ನನಗೆ ಹಿಡಿಸುವುದಿಲ್ಲ. ಗುಂಪು ಖಾಲಿಯೋ, ನಾವೇ ಮರೆತೆವೋ ಓದುವವರಿಗೆ ಹೇಗೆ ಗೊತ್ತಾಗಬೇಕು?

ಪ್ರಶ್ನೆ: ಎಣಿಸಲು ಸೆಟ್‌ನ ನೋಬ್ಸ್= (ಡೇಟಾಸೆಟ್‌ನ ಸಾಲುಗಳ ಸಂಖ್ಯೆ ಕೊಡುವ ಆಯ್ಕೆ) ಸಾಲದೇ ಸರ್? ಅದು ಬೇಗ ಆಗುತ್ತದಲ್ಲ.

ಉತ್ತರ: ಬೇಗವೇನೋ ಆಗುತ್ತದೆ, ಕಂಪೈಲ್ ಹೊತ್ತಿನಲ್ಲೇ ಬೆಲೆ ತುಂಬಿರುತ್ತದೆ. ಆದರೆ ಸಿಮ್‌ಪುಟ್‌ಎಕ್ಸ್ ಅನ್ನು ಸೆಟ್‌ಗಿಂತ ಮೇಲೆ ಬರೆಯಬೇಕು, ಇಲ್ಲವಾದರೆ ಮತ್ತೆ ಅದೇ 17. ನೀವು ಗುಂಪನ್ನು ಬೇರೆ ಡೇಟಾಸೆಟ್ ಮಾಡಿಕೊಂಡಿದ್ದೀರಿ, ಹಾಗಾಗಿ ನಡೆಯುತ್ತದೆ. ನಾಳೆ ಯಾರಾದರೂ ಅದನ್ನು ಸಾಲುಗಳನ್ನು ಸೋಸುವ ವೇರ್ ಷರತ್ತಿಗೆ ಬದಲಿಸಿದರೆ ಕೆಟ್ಟಿತು: ನೋಬ್ಸ್ ಷರತ್ತನ್ನು ನೋಡುವುದಿಲ್ಲ, ಪೂರ್ತಿ ಡೇಟಾಸೆಟ್‌ನ ಎಣಿಕೆ ಕೊಡುತ್ತದೆ. ಅಳಿಸಿದ ಸಾಲುಗಳೂ ಅದರಲ್ಲಿ ಸೇರಿರುತ್ತವೆ. ವ್ಯೂ (ಸಾಲುಗಳನ್ನು ತನ್ನಲ್ಲಿ ಇಟ್ಟುಕೊಳ್ಳದೆ ಬೇಕಾದಾಗ ತೆಗೆದುಕೊಡುವ ಡೇಟಾಸೆಟ್) ಇದ್ದರಂತೂ ಅದನ್ನು ನಂಬಲೇಬೇಡಿ.

ಪ್ರಶ್ನೆ: ಕೌಂಟ್ ಹಾಕಿದೆ, ಈಗ 0 ಬಂತು. ಆದರೆ ಇನ್‌ಟು, ಸೆಪರೇಟೆಡ್ ಬೈ ಬಳಸಿ ಕೋಡ್‌ಗಳ ಪಟ್ಟಿ ಮಾಡುತ್ತೇನೆ. ಅದರಲ್ಲಿ ನಾಲ್ಕನೇ ಗುಂಪಿಗೆ ಇನ್ನೂ ಮೂರನೇ ಗುಂಪಿನ ಕೋಡ್‌ಗಳೇ ಬರುತ್ತಿವೆ.

ಉತ್ತರ: ಅದೇ ರೋಗ. ಕೌಂಟ್ ಸಾಲು ಕೊಡುತ್ತದೆ, ಬರೀ ಸೆಲೆಕ್ಟ್ ಕೊಡುವುದಿಲ್ಲ. ಸಾಲು ಬರದಿದ್ದರೆ ಇನ್‌ಟು ವೇರಿಯಬಲ್ ಅನ್ನು ಮುಟ್ಟುವುದೇ ಇಲ್ಲ. ಲೂಪ್‌ನ ಮೊದಲ ಸಾಲಿನಲ್ಲೇ %ಲೆಟ್‌ನಿಂದ ಪಟ್ಟಿಯನ್ನು ಖಾಲಿ ಮಾಡಿಬಿಡಿ.