ಸಹಾಯ ಬೇಕು: ವಾರಕ್ಕೊಂದೇ ದಿನದ ಮಾತ್ರೆ, ಗುರುತು ಹೇಗೆ?
ಅಕ್ಟೋಬರ್ 12ರ ವಿಶ್ವ ಸಂಧಿವಾತ ದಿನಕ್ಕೆ ಮೂಡಿಗೆರೆ ಕಡೆಯ ಕಾಫಿ ತೋಟದ ಕಾರ್ಮಿಕರ ಲೈನ್‌ಮನೆಗಳಲ್ಲಿ ರುಮಟಾಯ್ಡ್ ಆರ್ಥ್ರೈಟಿಸ್ ಅನ್ನೋ ಕೀಲುರೋಗದ ಬಗ್ಗೆ ತಿಳಿಸ್ತಿದ್ದೀವಿ. ಎರಡೂ ಕೈಯ ಬೆರಳಿನ ಗೆಣ್ಣು ಊದಿ, ಬೆಳಿಗ್ಗೆ ಅರ್ಧ ಗಂಟೆಗೂ ಹೆಚ್ಚು ಬಿಗಿದುಕೊಂಡಿದ್ರೆ ಡಾಕ್ಟರಿಗೆ ತೋರಿಸಿ ಅನ್ನೋದು ಜನಕ್ಕೆ ಅರ್ಥ ಆಗುತ್ತೆ.

ತೊಡಕಿರೋದು ಈ ಕಾಯಿಲೆಗೆ ಕೊಡೋ ಮೆಥೊಟ್ರೆಕ್ಸೇಟ್ ಮಾತ್ರೆಯದು. ವಾರಕ್ಕೆ ಒಂದೇ ದಿನದ ಔಷಧಿ. ಗೊತ್ತಿಲ್ಲದೆ ದಿನಾ ನುಂಗಿದ್ರೆ ಬಾಯಿಹುಣ್ಣು, ರಕ್ತಕಣ ಕುಸಿತ, ಜೀವಕ್ಕೇ ಅಪಾಯ. ಜೊತೆಗೆ ಕೊಡೋ ಫೋಲಿಕ್ ಆಸಿಡ್ ಅನ್ನೋ ವಿಟಮಿನ್ ಮಾತ್ರೆ ಬೇರೆ ದಿನ. ಮೆಥೊಟ್ರೆಕ್ಸೇಟ್ ಹಾಗೇ ಅದೂ ಹೆಚ್ಚಾಗಿ ಪುಟ್ಟ ಹಳದಿ ಮಾತ್ರೆಯೇ! ಕ್ಯಾಲೆಂಡರಿಗೆ ಕೆಂಪು ಗುರುತು ಹಾಕಿಸಿದ್ವಿ, ಓದು ಬಾರದವರಿಗೆ ಆಗ್ಲಿಲ್ಲ. ‘ಸಂತೆ ದಿನದ ಮಾತ್ರೆ’ ಅಂದ್ವಿ, ಚೆನ್ನಾಗಿ ಹಿಡೀತು. ಆದ್ರೆ ತೋಟ ಬದಲಾದ್ರೆ ಸಂತೆ ದಿನವೂ ಬದಲು.

ಆಶಾ ಕಾರ್ಯಕರ್ತೆಯರೇ, ಮೆಡಿಕಲ್ ಶಾಪಿನವರೇ, ಓದು ಬಾರದವರು ಈ ಎರಡು ಮಾತ್ರೆ ಅದಲುಬದಲು ಮಾಡಿಕೊಳ್ಳದಂತೆ ನೀವು ಯಾವ ಗುರುತು ಬಳಸ್ತೀರಿ?