ಫೈಬರ್ ಲೇಸರಿನಲ್ಲಿ ಎತ್ತರಕ್ಕೆ ಹಾರುವ ಪಲ್ಸ್: ಅಸಲೋ, ಸ್ಕೋಪಿನ ಆಟವೋ?

ಪ್ರಶ್ನೆ (ಪೆರಿಯ, ಕಾಸರಗೋಡು): 12 ಮೀಟರಿನ ಎರ್ಬಿಯಂ ಫೈಬರ್ ರಿಂಗ್ ಲೇಸರ್, ಎನ್‌ಪಿಆರ್ (ಫೈಬರಿನಲ್ಲಿ ಪೋಲರೈಸೇಶನ್ ತಿರುಗುವುದನ್ನು ಬಳಸುವ) ವಿಧಾನದ ಮೋಡ್-ಲಾಕಿಂಗ್ (ಬೆಳಕನ್ನು ಕಿರು ಪಲ್ಸುಗಳಾಗಿಸುವುದು). ಬೆಳಕಿನ ಡಿಟೆಕ್ಟರ್, ಸ್ಕೋಪ್ (ಆಸಿಲೋಸ್ಕೋಪ್) ಎರಡೂ 1 ಗಿಗಾಹರ್ಟ್ಸ್‌ನವು. ಪಂಪ್ (ಲೇಸರಿಗೆ ಶಕ್ತಿ ತುಂಬುವ ಬೆಳಕು) ಏರಿಸಿದರೆ ನಡುನಡುವೆ ಒಂದೊಂದು ಪಲ್ಸ್ ಎರಡು ಪಟ್ಟು ಎತ್ತರ ಬರ್ತದೆ. ರೋಗ್ ವೇವ್ (ಸಮುದ್ರದ ದೈತ್ಯ ಅಲೆಯ ಹಾಗೆ ಅಪರೂಪಕ್ಕೆ ಏಳುವ ಅತಿ ಎತ್ತರದ ಪಲ್ಸ್) ಅಂತ ವರದಿಯಲ್ಲಿ ಬರೆಯಬಹುದಾ?

ಉತ್ತರಗಳು, ಬರೆದವರ ಊರಿನ ಹೆಸರಿನಲ್ಲಿ:

ಕುಂಬಳೆ: ಈಗಲೇ ಬೇಡ. ಮೊದಲು ಸ್ಕೋಪಿನ ಸ್ಯಾಂಪ್ಲಿಂಗ್ ದರ (ಸೆಕೆಂಡಿಗೆ ಎಷ್ಟು ಬಿಂದು ಅಳೀತದೆ ಅಂತ) ನೋಡಿ. ತುಂಬ ಹೊತ್ತಿನ ದಾಖಲೆ ಕೇಳಿದರೆ ಅದು ತಾನಾಗಿ ದರ ಇಳಿಸ್ತದೆ. 500 ಮೆಗಾಸ್ಯಾಂಪಲ್‌ಗೆ ಬಂದರೆ ಎರಡು ಬಿಂದುಗಳ ನಡುವೆ 2 ನ್ಯಾನೊಸೆಕೆಂಡ್. ನಿಮಗೆ ಕಾಣುವ ಪಲ್ಸಿನ ಅಗಲ ಅರ್ಧ ನ್ಯಾನೊಸೆಕೆಂಡಿನ ಆಸುಪಾಸು. ತುದಿ ಒಮ್ಮೆ ಸಿಗ್ತದೆ, ಒಮ್ಮೆ ತಪ್ಪಿಹೋಗ್ತದೆ, ಎತ್ತರ ಸುಮ್ಮನೆ ಕುಣೀತದೆ. 2.5 ಗಿಗಾಸ್ಯಾಂಪಲ್‌ಗಿಂತ ಕೆಳಗೆ ಇಳಿಯಬೇಡಿ.

ಆಮೇಲೆ ಡಿಟೆಕ್ಟರಿನ ಮುಂದೆ 3 ಡೆಸಿಬೆಲ್ ಅಟೆನ್ಯುಯೇಟರ್ (ಬೆಳಕು ತಗ್ಗಿಸುವ ಸಾಧನ) ಹಾಕಿ. ಗಿಡ್ಡದ್ದು, ಎತ್ತರದ್ದು ಎಲ್ಲವೂ ಅರ್ಧಕ್ಕೆ ಇಳಿಯಬೇಕು. ಎತ್ತರದ್ದು ಅಷ್ಟು ಇಳಿಯದಿದ್ದರೆ ಡಿಟೆಕ್ಟರ್ ಸ್ಯಾಚುರೇಟ್ ಆಗಿದೆ, ಅಂದರೆ ಬೆಳಕು ಅದರ ಮಿತಿ ಮೀರಿದೆ.

ಮಂಜೇಶ್ವರ: ಇನ್ನೊಂದು ವಿಷಯ ಉಂಟು. ಅಸಲು ಪಲ್ಸ್ ಪಿಕೊಸೆಕೆಂಡಿನ ಲೆಕ್ಕದ್ದು. 1 ಗಿಗಾಹರ್ಟ್ಸ್ ಡಿಟೆಕ್ಟರ್ ತೋರಿಸುವುದು ಅದರ ಶಕ್ತಿಯನ್ನು, ಶಿಖರದ ಪವರ್ ಅಲ್ಲ. ಹತ್ತಿರ ಹತ್ತಿರ ಎರಡು ಸೊಲಿಟಾನ್ (ಆಕಾರ ಕೆಡದೆ ಸಾಗುವ ಪಲ್ಸ್) ಬಂದರೂ ಒಂದೇ ಎತ್ತರದ ಪಲ್ಸಿನ ಹಾಗೆ ಕಾಣ್ತದೆ. ಪಂಪ್ ಏರಿಸಿದಾಗ ಆಗುವುದೂ ಹೆಚ್ಚಾಗಿ ಅದೇ: ಸೊಲಿಟಾನ್ ದಪ್ಪ ಆಗುವುದಿಲ್ಲ, ಸಂಖ್ಯೆ ಹೆಚ್ಚಾಗ್ತದೆ. ಸ್ಪೆಕ್ಟ್ರಂ (ಯಾವ ತರಂಗಾಂತರದಲ್ಲಿ ಎಷ್ಟು ಬೆಳಕು ಅಂತ) ನೋಡಿ. ಎರಡೂ ಬದಿಯಲ್ಲಿ ಚೂಪಾದ ಗೆರೆಗಳು, ಅಂದರೆ ಕೆಲ್ಲಿ ಸೈಡ್‌ಬ್ಯಾಂಡ್ ಇದ್ದರೆ ಸೊಲಿಟಾನ್. ಅವು ಮಾಯವಾಗಿ ಅಗಲ, ನುಣುಪು ಆಗಿದ್ದರೆ ನಾಯ್ಸ್-ಲೈಕ್ ಪಲ್ಸ್ (ಅಡ್ಡಾದಿಡ್ಡಿ ಕಿರು ಪಲ್ಸುಗಳ ಗೊಂಚಲು) ಇರಬಹುದು; ಆಟೊಕೋರಿಲೇಟರಿನಲ್ಲಿ (ಪಲ್ಸನ್ನು ಅದರದ್ದೇ ಪ್ರತಿಯ ಜೊತೆ ಹೋಲಿಸಿ ಅಗಲ ಅಳೆಯುವ ಸಾಧನ) ಅಗಲವಾದ ಪೀಠದ ಮೇಲೆ ಸಪೂರ ಮುಳ್ಳು ಕಂಡರೆ ಬಹುಮಟ್ಟಿಗೆ ಖಚಿತ. ರೋಗ್ ಪಲ್ಸ್ ಹುಡುಕಬೇಕಾದ್ದು ಅಂಥ ಸ್ಥಿತಿಯಲ್ಲಿ.

ಬದಿಯಡ್ಕ: ಪ್ರತಿ ಸುತ್ತಿನ ಸ್ಪೆಕ್ಟ್ರಂ ಬೇಕಿದ್ದರೆ ಡಿಸ್ಪರ್ಸಿವ್ ಫೂರಿಯೇ ವಿಧಾನ, ಅಂದರೆ ಉದ್ದ ಫೈಬರಿನಲ್ಲಿ ತರಂಗಾಂತರಗಳನ್ನು ಸಮಯದಲ್ಲಿ ಹರಡಿ ಸ್ಕೋಪಿನಲ್ಲೇ ಸ್ಪೆಕ್ಟ್ರಂ ನೋಡುವುದು. 5 ಕಿ.ಮೀ. ಮಾಮೂಲಿ ಫೈಬರ್ ಸಾಲುವುದಿಲ್ಲ: ನ್ಯಾನೊಮೀಟರಿಗೆ 85 ಪಿಕೊಸೆಕೆಂಡ್, ಅಂದರೆ ನಿಮ್ಮ ಡಿಟೆಕ್ಟರಿಗೆ ಸುಮಾರು 6 ನ್ಯಾನೊಮೀಟರ್ ಒಂದೇ ಮುದ್ದೆ. ಟೆಲಿಕಾಂನವರ 80 ಕಿ.ಮೀ. ಡಿಸ್ಪರ್ಶನ್ ಕಾಂಪನ್ಸೇಶನ್ ಮಾಡ್ಯೂಲ್ (ಅಷ್ಟು ಉದ್ದದ ಮಾಮೂಲಿ ಫೈಬರಿನ ಹರಡುವಿಕೆಯನ್ನು ಸರಿದೂಗಿಸುವ ಪೆಟ್ಟಿಗೆ) ಹಳೆಯದಾದರೂ ಸಾಕು. ನ್ಯಾನೊಮೀಟರಿಗೆ 1.36 ನ್ಯಾನೊಸೆಕೆಂಡ್ ಹರಡ್ತದೆ. 20 ನ್ಯಾನೊಮೀಟರ್ ಸ್ಪೆಕ್ಟ್ರಂ 27 ನ್ಯಾನೊಸೆಕೆಂಡ್ ಆಗಿ ನಿಮ್ಮ 59 ನ್ಯಾನೊಸೆಕೆಂಡಿನ ಸುತ್ತಿನೊಳಗೆ (ಬೆಳಕು ರಿಂಗನ್ನು ಒಮ್ಮೆ ಸುತ್ತುವ ಸಮಯ) ಹಿಡಿಸ್ತದೆ. ಬೆಳಕನ್ನು ಮಾಡ್ಯೂಲಿನ ಮೊದಲೇ ತಗ್ಗಿಸಿ, ನಂತರ ಅಲ್ಲ. ಇಲ್ಲವಾದರೆ ಆ ಫೈಬರೇ ಸ್ಪೆಕ್ಟ್ರಂ ಬದಲಾಯಿಸ್ತದೆ. ಸಾವಿರಾರು ಸುತ್ತಿನ ಸರಾಸರಿಯು ಆಪ್ಟಿಕಲ್ ಸ್ಪೆಕ್ಟ್ರಂ ಅನಲೈಸರ್ ತೋರಿಸುವ ಗೆರೆಗೆ ಕೂಡಬೇಕು. ಕೂಡದಿದ್ದರೆ ಮುಂದೆ ಹೋಗಬೇಡಿ.

ಕುಂಬಳೆ: ಲೆಕ್ಕದ ನಿಯಮ ಸಮುದ್ರದ ಅಲೆಗಳದ್ದೇ. ಎಲ್ಲ ಪಲ್ಸುಗಳಲ್ಲಿ ಅತಿ ಎತ್ತರದ ಮೂರನೇ ಒಂದು ಪಾಲು ಪಲ್ಸುಗಳ ಎತ್ತರದ ಸರಾಸರಿ ತೆಗೆಯಿರಿ. ಅದರ ಎರಡು ಪಟ್ಟು ದಾಟಿದ್ದು ಮಾತ್ರ ರೋಗ್. ಮಾಮೂಲಿ ಪಲ್ಸಿನ ಎರಡು ಪಟ್ಟು ಅಲ್ಲ ಮಾರಾಯ್ರೇ, ಎಷ್ಟೋ ವರದಿ ಇಲ್ಲೇ ಎಡವುವುದು. ಒಂದು ಲಕ್ಷ ಸುತ್ತಿಗೆ 5.9 ಮಿಲಿಸೆಕೆಂಡ್, 2.5 ಗಿಗಾಸ್ಯಾಂಪಲ್‌ನಲ್ಲಿ ಸುಮಾರು 1.5 ಕೋಟಿ ಬಿಂದು. ಸ್ಕೋಪಿನ ಮೆಮೊರಿ ಅಷ್ಟು ಉಂಟಾ ನೋಡಿಕೊಳ್ಳಿ.

ಉಪ್ಪಳ: ಎಸಿ ಗಾಳಿ ನೇರ ರಿಂಗಿಗೆ ಬಡಿದರೆ ಪೋಲರೈಸೇಶನ್ ಜಾರ್ತದೆ, ಫೈಬರನ್ನು ಮೇಜಿಗೆ ಟೇಪ್ ಹಾಕಿ ಕೂರಿಸಿ. ಫೈಬರ್ ಬೆಸೆಯುವ ಸ್ಪ್ಲೈಸಿಂಗ್ ಯಂತ್ರ ಊರಿನ ಇಂಟರ್ನೆಟ್ ಕೇಬಲ್‌ನವರಲ್ಲಿ ಸಿಗ್ತದೆ, ಆದರೆ ಎರ್ಬಿಯಂ ಫೈಬರಿಗೆ ಅವರ ಮಾಮೂಲಿ ಪ್ರೋಗ್ರಾಂ ಹೊಂದದಿರಬಹುದು. ಜೋಡಣೆಯ ನಷ್ಟ ಅಳೆಯಿರಿ. ಕನೆಕ್ಟರ್ ಒರೆಸುವ ಮೊದಲು ಪಂಪ್ ಆಫ್ ಮಾಡಿ. ಪಂಪಿನ 980 ನ್ಯಾನೊಮೀಟರ್ ಬೆಳಕು ಕಣ್ಣಿಗೆ ಕಾಣುವುದಿಲ್ಲ.